ದಾಸವಾಳಕ್ಕೆ ಹತ್ತಿಯ ಔಷಧಿ

ಅಪಾರ್ಟ್‌ಮೆಂಟ್ ತೋಟಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಗಿಡ ನೋಡುವ ಮೊದಲು ಕಾಂಟ್ರಾಕ್ಟ್ ಕಾಗದ ಕೇಳುತ್ತೇನೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ತಿಂಗಳಿಗೊಮ್ಮೆ ಔಷಧಿ ಸಿಂಪಡಣೆ. ಯಾವ ಹುಳಕ್ಕೆ? ಬರೆದಿರುವುದಿಲ್ಲ. ಯಾವ ಔಷಧಿ? ಅದೂ ಇಲ್ಲ. ಸರ್ಜಾಪುರ ರಸ್ತೆ ಕಡೆಯ ಒಂದು ಅಸೋಸಿಯೇಷನ್ನಿನ ಕಾರ್ಯದರ್ಶಿಯನ್ನು ಕೇಳಿದೆ, "ಲಾನಿಗೆ ಏನು ಹುಳ ಬಿದ್ದಿತ್ತು ಸಾರ್?" ಅವರು ಖುಷಿಯಿಂದ ಹೇಳಿದರು, "ಏನೂ ಬಿದ್ದಿಲ್ಲ. ಅದರಿಂದಾನೇ ಗೊತ್ತಾಗುತ್ತಲ್ಲ, ಸ್ಪ್ರೇ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ!"

ಒಳ್ಳೆಯ ಮನುಷ್ಯರು. ಕಾಫಿ ಕೊಟ್ಟರು. ಆದರೆ ಇಂಥವರನ್ನು ಒಪ್ಪಿಸಿ ಒಪ್ಪಿಸಿ ನನಗೆ ಸಾಕಾಗಿದೆ. ಬರೀ ಚೆಂದಕ್ಕಾಗಿ ಹೊಡೆಯುವ ಕೀಟನಾಶಕ, ಕಳೆನಾಶಕಗಳಿಗೆ ಕಾನೂನೇ ಬರಬೇಕು ಅಂತ ಈಗ ಅನ್ನಿಸುತ್ತಿದೆ. ಹಾಗಂದ ಕೂಡಲೇ ಬರುವ ಉತ್ತರವೂ ಒಂದೇ: "ಅಂಗಡೀಲಿ ಬಿಲ್ ಕೊಟ್ಟು ಮಾರ್ತಾರೆ. ಸರ್ಕಾರ ಒಪ್ಪಿರೋದು ತಾನೆ?"

ಇದೊಂದನ್ನು ದಯವಿಟ್ಟು ನಿಧಾನವಾಗಿ ಓದಿ. ಸರ್ಕಾರ ಒಂದು ಔಷಧಿಯನ್ನು ಸುಮ್ನೆ 'ಒಳ್ಳೆಯದು' ಅಂತ ಒಪ್ಪುವುದಿಲ್ಲ. ಈ ಬೆಳೆಗೆ, ಈ ಹುಳಕ್ಕೆ, ಇಷ್ಟು ನೀರಿಗೆ ಇಷ್ಟು ಅಂತ ಒಪ್ಪುತ್ತದೆ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅನ್ನುವುದೂ ಅದರ ಜೊತೆಗೇ ಬರುತ್ತದೆ. ಡಬ್ಬದ ಜೊತೆ ಮಡಚಿಟ್ಟ ಚೀಟಿಯಲ್ಲಿ ಇದೆಲ್ಲ ಇರುತ್ತದೆ. ಅದನ್ನು ಬಿಚ್ಚಿ ಓದಿದ ಕಾರ್ಯದರ್ಶಿಯನ್ನು ನಾನಿನ್ನೂ ನೋಡಿಲ್ಲ. ನಮ್ಮ ತೋಟಗಳಲ್ಲಿ ಧಾರಾಳವಾಗಿ ಬಳಸುವ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ತೆಗೆದುಕೊಳ್ಳಿ. ಚೀಟಿಯಲ್ಲಿ ಹತ್ತಿ, ಭತ್ತ, ಮೆಣಸಿನಕಾಯಿ, ಮಾವು ಹೀಗೆ ಬೆಳೆಗಳ ಪಟ್ಟಿ ಇರುತ್ತದೆ. ನಿಮ್ಮ ಗೇಟಿನ ಪಕ್ಕದ ದಾಸವಾಳ ಆ ಪಟ್ಟಿಯಲ್ಲಿಲ್ಲ. ಅಂದರೆ ದಾಸವಾಳಕ್ಕೆ ಎಷ್ಟು ಹಾಕಬೇಕು, ಹೊಡೆದ ಮೇಲೆ ಎಷ್ಟು ದಿನ ಹೂ ಕೀಳಬಾರದು ಅಂತ ಯಾರೂ ನಿಮಗೆ ಹೇಳಿಲ್ಲ. ಇದೇ ಔಷಧಿ ಜೇನುನೊಣಕ್ಕೆ ಅಪಾಯ ಅಂತ ಯುರೋಪಿನ ಒಕ್ಕೂಟ 2018ರಲ್ಲಿ ಹೊರಾಂಗಣ ಬಳಕೆಯನ್ನೇ ನಿಲ್ಲಿಸಿತು.

ಡಬ್ಬದ ಮೇಲಿನ ತ್ರಿಕೋನದ ಕಥೆಯೂ ಹೀಗೇ. ಕೆಂಪು, ಹಳದಿ, ನೀಲಿ, ಹಸಿರು. ಹಸಿರು ಕಂಡರೆ "ಆರ್ಗ್ಯಾನಿಕ್ ಅಲ್ವಾ?" ಅನ್ನುತ್ತಾರೆ. ಅಲ್ಲ. ಒಂದೇ ಸಲಕ್ಕೆ ಎಷ್ಟು ಒಳಗೆ ಹೋದರೆ ಪ್ರಾಣ ತೆಗೆಯುತ್ತದೆ ಅನ್ನುವುದರ ಲೆಕ್ಕ ಅದು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಮೈಗೆ ತಾಗಿದರೆ ಏನಾಗುತ್ತದೆ, ಮೀನಿಗೆ, ಜೇನಿಗೆ ಏನಾಗುತ್ತದೆ ಅನ್ನುವುದನ್ನು ಆ ಬಣ್ಣ ಹೇಳುವುದಿಲ್ಲ.

ಪಾಶ್ಚಾತ್ಯರ ಲಾನ್ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಚೆಂದದ ತೋಟದಿಂದಲೇ ಕರಿಬೇವು ಅಡುಗೆಮನೆಗೆ ಬರುತ್ತದೆ, ದಾಸವಾಳ ದೇವರಮನೆಗೆ ಹೋಗುತ್ತದೆ. ಗಣೇಶನ ಹಬ್ಬದ ಬೆಳಿಗ್ಗೆ ಮಕ್ಕಳು ಲಾನಿನಲ್ಲೇ ಕೂತು ಗರಿಕೆ ಆರಿಸುತ್ತಾರೆ. ಜೆ.ಪಿ. ನಗರದ ಒಂದು ಕಡೆ ಮಾಲಿ ಬೆನ್ನಿಗೆ ಕ್ಯಾನ್ ಹೊತ್ತು, ಬರಿಗಾಲಲ್ಲಿ ಕಳೆನಾಶಕ ಹೊಡೆದು ಹೋಗಿದ್ದ. ಮಾರನೇ ದಿನ ಅದೇ ಜಾಗದಲ್ಲಿ ಒಬ್ಬ ಅಜ್ಜಿ ಸೆರಗಿನ ತುಂಬ ಒಂದೆಲಗ ಕಿತ್ತುಕೊಂಡಿದ್ದರು, ತಂಬುಳಿಗೆ. ಇಸ್ಕೊಳ್ಳಲು ಹೋದೆ. "ನೀನು ಯಾವನೋ, ಇದು ಮೆದುಳಿಗೆ ಒಳ್ಳೇದು ಕಣೋ" ಅಂತ ಬೈದರು. ಮಗ ಬಂದು ಸಮಾಧಾನ ಮಾಡಿದ ಮೇಲೆ ಸೊಪ್ಪು ಬಿಟ್ಟುಕೊಟ್ಟರು. ಅವತ್ತು ಹೊಡೆದಿದ್ದು ಆ ಒಂದೆಲಗ ಸಾಯಲಿ ಅಂತಲೇ. ಕಾಂಟ್ರಾಕ್ಟಿನ ಪ್ರಕಾರ ಅದು ಕಳೆ.

ಕಾನೂನು ಏನು ಮಾಡುತ್ತಿದೆ? ನಾನು ವಕೀಲನಲ್ಲ, ಆದರೆ 1968ರ ಕೀಟನಾಶಕ ಕಾಯ್ದೆಯ 38ನೇ ಸೆಕ್ಷನ್ ಓದಿ ನೋಡಿ. ತನ್ನ ಮನೆಬಳಕೆಗೆ, ಕೈತೋಟಕ್ಕೆ, ತಾನು ಸಾಗುವಳಿ ಮಾಡುವ ಜಮೀನಿಗೆ ಯಾರಾದರೂ ಕೀಟನಾಶಕ ಬಳಸಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅಲ್ಲೇ ಇದೆ. ತಯಾರಿಕೆಗೆ, ಮಾರಾಟಕ್ಕೆ ಲೈಸೆನ್ಸ್ ಬೇಕು. ಮನೆಗೆ ತಂದ ಮೇಲೆ ನಿಮ್ಮಿಷ್ಟ. ಇನ್ನೂರು ಮನೆಗಳ ಲಾನಿಗೆ ಗುತ್ತಿಗೆದಾರ ಬಂದು ಹೊಡೆದರೆ ಅದನ್ನು ಮನೆಬಳಕೆ ಅನ್ನಬಹುದೇ? ಅದನ್ನು ವಕೀಲರೇ ಹೇಳಬೇಕು. ರಾಜ್ಯ ಸರ್ಕಾರಕ್ಕೂ ಈ ಕಾಯ್ದೆಯಲ್ಲಿ ಕೈ ಕಟ್ಟಿದೆ. 2011ರಲ್ಲಿ ಕರ್ನಾಟಕ ಎಂಡೋಸಲ್ಫಾನ್ ತಡೆದದ್ದು 60 ದಿನಕ್ಕೆ ಮಾತ್ರ. ಆಮೇಲೆ ದೇಶಕ್ಕೆಲ್ಲ ನಿಷೇಧ ಬಂದದ್ದು ಸುಪ್ರೀಂ ಕೋರ್ಟಿನಿಂದ.

ಹಾಗಾದರೆ ನಗರದ ಮಟ್ಟದಲ್ಲಿ ಏನೂ ಆಗಲ್ಲವೇ? ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಡ್ಸನ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಜೂನ್ ಇರ್ವಿನ್ ಅನ್ನುವ ಚರ್ಮವೈದ್ಯೆ ಊರಸಭೆಗೆ ಹೋಗಿ ಹೋಗಿ ಈ ವಿಷಯ ಎತ್ತುತ್ತಿದ್ದರು. ಹಟಮಾರಿ ಹೆಂಗಸು, ನನಗೆ ತುಂಬ ಇಷ್ಟ. 1991ರಲ್ಲಿ ಊರು ಬರೀ ಚೆಂದಕ್ಕಾಗಿ ಔಷಧಿ ಹೊಡೆಯುವುದನ್ನು ತಡೆಯುವ ಬೈಲಾ ಮಾಡಿತು. ಲಾನ್ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಊರಿನ ಪರವಾಗಿ ತೀರ್ಪು ಕೊಟ್ಟಿತು. ಔಷಧಿಯನ್ನು ನೋಂದಾಯಿಸುವುದು ಕೇಂದ್ರದ ಕೆಲಸವೇ ಇರಲಿ, ತನ್ನ ನೆಲದಲ್ಲಿ ಅದನ್ನು ಹೇಗೆ ಬಳಸಬೇಕು ಅಂತ ಊರೂ ಹೇಳಬಹುದು ಅಂತಾಯಿತು. 2009ರಲ್ಲಿ ಒಂಟಾರಿಯೊ ಪ್ರಾಂತ್ಯವೇ ಇಂಥ ಕಾನೂನು ತಂದಿತು. ಅವರ ಸಂವಿಧಾನ ಬೇರೆ, ನಮ್ಮದು ಬೇರೆ, ಹಾಗೇ ನಕಲು ಮಾಡಲು ಬರುವುದಿಲ್ಲ. ಆದರೆ ಈಗ ಬೆಂಗಳೂರಿಗೆ ಐದು ಪಾಲಿಕೆಗಳಿವೆ. ಐದರಲ್ಲಿ ಒಂದಾದರೂ ತನ್ನ ಪಾರ್ಕುಗಳಿಂದ ಶುರು ಮಾಡಬಹುದಲ್ಲ?

"ಡೆಂಗ್ಯೂ ಬಂದ್ರೆ ಏನ್ಮಾಡೋದು?" ಈ ಪ್ರಶ್ನೆ ಪ್ರತಿ ಮೀಟಿಂಗಿನಲ್ಲೂ ಏಳುತ್ತದೆ. ಸೊಳ್ಳೆಗೂ, ಗೆದ್ದಲಿಗೂ, ರೈತರ ಹೊಲಕ್ಕೂ ನಾನು ಕೇಳುತ್ತಿರುವ ಕಾನೂನಿಗೂ ಸಂಬಂಧವಿಲ್ಲ. ಒಂಟಾರಿಯೊ ಕೂಡ ಬೇಸಾಯ, ಕಾಡು, ಜನರ ಆರೋಗ್ಯದ ವಿಷಯಗಳನ್ನು ಬಿಟ್ಟಿದೆ. ಗಾಲ್ಫ್ ಮೈದಾನಗಳನ್ನೂ ಷರತ್ತಿನ ಮೇಲೆ ಬಿಟ್ಟಿದೆ. ಅದು ಮಾತ್ರ ನನಗೆ ಸರಿ ಕಾಣಲಿಲ್ಲ.

ಹುಳ ಬಂದಾಗ ಕೈಕಟ್ಟಿ ಕೂರಿ ಅಂತಲೂ ನಾನು ಹೇಳುತ್ತಿಲ್ಲ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದರೆ ಜೋರಾಗಿ ನೀರು ಬಿಡಿ, ಕೆಟ್ಟ ರೆಂಬೆ ಕತ್ತರಿಸಿ, ಸೋಪಿನ ನೀರು ಹೊಡೆಯಿರಿ. ಹೆಚ್ಚಿನ ಸಲ ಇಷ್ಟು ಸಾಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಹಿಪ್ಪುನೇರಳೆಯನ್ನೂ ಹಾಳು ಮಾಡಿತ್ತು. ಔಷಧಿ ಹೊಡೆದು ಹೊಡೆದು ಜನ ಸುಸ್ತಾಗಿದ್ದರು. ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಪೋರ್ಟೊ ರಿಕೊದಿಂದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜಗಳನ್ನು ತರಿಸಿ ಬಿಟ್ಟರು, ತಿಗಣೆ ಹತೋಟಿಗೆ ಬಂತು. ನಿಮ್ಮ ತಿಂಗಳ ಸ್ಪ್ರೇ ಮೊದಲು ಕೊಲ್ಲುವುದು ಇಂಥ ಕಣಜಗಳನ್ನೇ.

ಕಾನೂನು ಬರುವವರೆಗೆ ಕಾಂಟ್ರಾಕ್ಟಿನ ಆ ಸಾಲು ಹೊಡೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಸಿ: ಹುಳ ಕಂಡರೆ ಮೊದಲು ಫೋಟೊ ಕಳಿಸಬೇಕು, ಔಷಧಿಯ ಹೆಸರು ಹಿಂದಿನ ದಿನವೇ ನೋಟಿಸ್ ಬೋರ್ಡಿಗೆ ಬರಬೇಕು, ಮಾಲಿಗೆ ಬೂಟು, ಗ್ಲೌಸ್ ಅಸೋಸಿಯೇಷನ್ನೇ ಕೊಡಬೇಕು. ಲಾನಿನ ಕಳೆಗೆ ಇಬ್ಬರು ಹೆಂಗಸರನ್ನು ಕೂಲಿಗೆ ಕರೆಸಿ ಕೀಳಿಸಿ. ಕೊನ್ನಾರಿ ಗೆಡ್ಡೆ ಮಾತ್ರ ಕಿತ್ತರೂ ಬರುತ್ತದೆ. ಅದಕ್ಕೆ ನನ್ನ ಹತ್ತಿರವೂ ಪೂರ್ತಿ ಪರಿಹಾರ ಇಲ್ಲ. ಹುಲ್ಲಿನ ಜೊತೆ ಅದನ್ನೂ ಕತ್ತರಿಸುತ್ತಾ ಇರಿ, ದೂರದಿಂದ ನೋಡಿದರೆ ಅದೂ ಹಸಿರೇ.