ರೂಲೆಟ್ ಗೆದ್ದವರು, ಗೆಲ್ಲುವ ಸಿಸ್ಟಮ್ ಮಾರುವವರು

ನಮ್ಮ ಕರಾವಳಿಯಲ್ಲಿ ಜುಗಾರಿಗೂ ಭವಿಷ್ಯ ಹೇಳುವುದಕ್ಕೂ ಹಳೇ ನಂಟು. ಕೋಳಿ ಅಂಕಕ್ಕೆ ಹೊರಟವರು ಕುಕ್ಕುಟ ಪಂಚಾಂಗ ತೆಗೆದು, ಇವತ್ತು ಯಾವ ಬಣ್ಣದ ಹುಂಜಕ್ಕೆ ಜಯ ಎಂದು ನೋಡುವುದುಂಟು. ಮಟ್ಕಾ ಬರೆಸುವವರ ಹತ್ತಿರ ಹಳೇ ನಂಬರುಗಳ ಚಾರ್ಟ್ ಇರುತ್ತದೆ. ಈಗ ಆ ಸಾಲಿಗೆ, ತಿರುಗುವ ಚಕ್ರದಲ್ಲಿ ಚೆಂಡು ಯಾವ ನಂಬರಿನ ಮನೆಗೆ ಬೀಳುತ್ತದೆಂದು ಹಣ ಕಟ್ಟುವ ರೂಲೆಟ್ ಸೇರಿದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದು, ರಾತ್ರಿಗೆ ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತುವ ಹುಡುಗರ ಮೊಬೈಲಿನಲ್ಲಿ ಒಂದು ‘ಸಿಸ್ಟಮ್’ ಇದ್ದೇ ಇರುತ್ತದೆ. ಮುಂದಿನ ನಂಬರು ಯಾವುದೆಂದು ಅದು ಹೇಳುತ್ತದಂತೆ.

ಮೊದಲು ಲೆಕ್ಕ ನೋಡುವ. ಯುರೋಪಿನ ಮಾದರಿಯ ಚಕ್ರದಲ್ಲಿ ಸೊನ್ನೆಯಿಂದ 36ರ ತನಕ ಒಟ್ಟು 37 ಮನೆಗಳು. ಸೊನ್ನೆ ಬಿಟ್ಟರೆ ಉಳಿದವು ಅರ್ಧ ಕೆಂಪು, ಅರ್ಧ ಕಪ್ಪು; ಬಣ್ಣಕ್ಕೆ ಕಟ್ಟಿ ಗೆದ್ದರೆ ಕಟ್ಟಿದಷ್ಟೇ ಲಾಭ. ಒಂದೇ ನಂಬರಿಗೆ ಕಟ್ಟಿ ಗೆದ್ದರೆ ಒಂದಕ್ಕೆ 35 ಸಿಗುತ್ತದೆ, ಕಟ್ಟಿದ ಹಣವೂ ವಾಪಸ್. ಹಾಗಾದರೆ 37 ನಂಬರಿಗೂ ನೂರು ನೂರು ರೂಪಾಯಿ ಕಟ್ಟಿ. 3,700 ಹೋಯಿತು, 3,600 ಬಂತು. ಆ ನೂರು ರೂಪಾಯಿ ಕ್ಯಾಸಿನೊದ ಪಾಲು, ಶೇ. 2.7. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ ಇರುವುದರಿಂದ ಅದು ಶೇ. 5.26 ಆಗುತ್ತದೆ. ನೀವು ಯಾವ ಕ್ರಮದಲ್ಲಿ ಕಟ್ಟಿದರೂ ಈ ಪಾಲು ಕರಗುವುದಿಲ್ಲ.

ಆದರೂ ಕ್ರಮ ಹುಡುಕುವವರು 18ನೇ ಶತಮಾನದಿಂದಲೂ ಇದ್ದಾರೆ. ಫ್ರಾನ್ಸಿನಲ್ಲಿ ಹುಟ್ಟಿದ ಮಾರ್ಟಿಂಗೇಲ್ ಇವತ್ತಿಗೂ ಓಡುತ್ತಿದೆ: ಕೆಂಪಿಗೆ ಕಟ್ಟು, ಸೋತರೆ ದುಪ್ಪಟ್ಟು ಕಟ್ಟು, ಒಮ್ಮೆ ಗೆದ್ದರೆ ಎಲ್ಲವೂ ವಾಪಸ್. ಕೇಳುವಾಗ ಸರಿಯೇ ಅನಿಸುತ್ತದೆ, ಅಲ್ವಾ? 500 ರೂಪಾಯಿಯಿಂದ ಶುರು ಮಾಡಿ ಎಂಟು ಸಲ ಸತತ ಸೋತರೆ 1,27,500 ರೂಪಾಯಿ ಹೋಗಿರುತ್ತದೆ. ಒಂಬತ್ತನೇ ಸಲಕ್ಕೆ 1,28,000 ಬೇಕು. ಅಷ್ಟರೊಳಗೆ ಒಂದೋ ಕಿಸೆ ಖಾಲಿ, ಇಲ್ಲವೇ ಟೇಬಲ್ಲಿನ ಗರಿಷ್ಠ ಮಿತಿ ಅಡ್ಡ ಬರುತ್ತದೆ. ಎಂಟು ಸಲ ಸತತ ಸೋಲುವುದೇನು ದೊಡ್ಡ ವಿಚಿತ್ರವಲ್ಲ. ಒಂದು ರಾತ್ರಿಗೆ 200 ಸುತ್ತು ಆಡುವವನಿಗೆ ಹತ್ತು ರಾತ್ರಿಯಲ್ಲಿ ಮೂರು–ನಾಲ್ಕು ರಾತ್ರಿ ಅದು ಎದುರಾಗುತ್ತದೆ. ಉಳಿದ ರಾತ್ರಿಗಳಲ್ಲಿ ಐವತ್ತು ಸಾವಿರದ ಹತ್ತಿರ ಗೆದ್ದು ಬರುತ್ತಾನೆ. ಊರಿಗೆ ಬಂದು ಹೇಳುವುದು ಆ ರಾತ್ರಿಗಳ ಕಥೆಯನ್ನೇ.

ಇನ್ನು, ‘ಕಪ್ಪು ಜಾಸ್ತಿ ಬಿತ್ತು, ಇನ್ನು ಕೆಂಪು ಬರಲೇಬೇಕು’ ಎನ್ನುವವರಿಗೆ ಮೊನಾಕೊದ ಮಾಂಟೆ ಕಾರ್ಲೋ ಕ್ಯಾಸಿನೊದಲ್ಲಿ 1913ರ ಆಗಸ್ಟ್ 18ರಂದು ಆದದ್ದು ಸಾಕು. ಅವತ್ತು ಕಪ್ಪು ಸತತ 26 ಸಲ ಬಿತ್ತು. ಪ್ರತಿ ಸಲವೂ ಜನ ಮುಗಿಬಿದ್ದು ಕೆಂಪಿಗೆ ಕಟ್ಟಿ ಲಕ್ಷಾಂತರ ಫ್ರಾಂಕ್ ಕಳೆದುಕೊಂಡರು. ಹಿಂದಿನ ಸುತ್ತಿನಲ್ಲಿ ಏನಾಯಿತೆಂದು ಚೆಂಡಿಗೆ ನೆನಪಿರುವುದಿಲ್ಲ.

ಹಾಗಂತ ರೂಲೆಟ್ಟನ್ನು ಯಾರೂ ಗೆದ್ದೇ ಇಲ್ಲ ಎಂದಲ್ಲ. ಗೆದ್ದವರು ನಂಬರಿನ ಸರದಿ ನಂಬಲಿಲ್ಲ, ಚಕ್ರವನ್ನು ಹಿಡಿದರು. ಇಂಗ್ಲೆಂಡಿನ ಬಟ್ಟೆ ಗಿರಣಿಯ ಹಿನ್ನೆಲೆಯ ಜೋಸೆಫ್ ಜಾಗರ್ 19ನೇ ಶತಮಾನದ ಕೊನೆಗೆ ಮಾಂಟೆ ಕಾರ್ಲೋದಲ್ಲಿ ಆಳುಗಳನ್ನು ಇಟ್ಟು, ಪ್ರತಿ ಚಕ್ರದಲ್ಲಿ ಬಿದ್ದ ನಂಬರುಗಳನ್ನು ಬರೆಸಿದ. ಒಂದು ಚಕ್ರಕ್ಕೆ ಸ್ವಲ್ಪ ಓರೆ ಇತ್ತು, ಕೆಲವು ನಂಬರು ಪದೇ ಪದೇ ಬೀಳುತ್ತಿದ್ದವು. ಗಿರಣಿಯ ಯಂತ್ರ ನೋಡಿದವನಿಗೆ ಅದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. 1990ರ ದಶಕದಲ್ಲಿ ಸ್ಪೇನಿನ ಗೊನ್ಸಾಲೊ ಗಾರ್ಸಿಯಾ ಪೆಲಾಯೊ ಮನೆಮಂದಿಯನ್ನು ಸೇರಿಸಿಕೊಂಡು ಮ್ಯಾಡ್ರಿಡ್‌ನಲ್ಲಿ ಇದೇ ಕೆಲಸ ಮಾಡಿದ. ಕ್ಯಾಸಿನೊ ಕೋರ್ಟಿಗೆ ಹೋಯಿತು. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು 1961ರ ಕಥೆ. ಗಣಿತದ ಎಡ್ವರ್ಡ್ ಥಾರ್ಪ್, ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್. ಇಬ್ಬರೂ ಸೇರಿ 1,500 ಡಾಲರ್ ಕೊಟ್ಟು ಅಸಲಿ ರೂಲೆಟ್ ಚಕ್ರ ತರಿಸಿ, ಶಾನನ್ ಮನೆಯ ನೆಲಮಾಳಿಗೆಯಲ್ಲಿ ಇಟ್ಟರು. ಚೆಂಡಿನ ವೇಗ, ಚಕ್ರದ ವೇಗ ಅಳೆದು, ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಕಂಪ್ಯೂಟರ್ ಕಟ್ಟಿದರು. ಮೈಮೇಲೆ ಧರಿಸುವ ಮೊದಲ ಕಂಪ್ಯೂಟರ್ ಅದು ಎನ್ನುತ್ತಾರೆ. ಶೂ ಒಳಗೆ ಸ್ವಿಚ್. ಚೆಂಡು ಒಂದು ಸುತ್ತು ಮುಗಿಸಿದಾಗ ಕಾಲಿನ ಹೆಬ್ಬೆರಳಿನಿಂದ ಒತ್ತಬೇಕು. ಚಕ್ರವನ್ನು ಎಂಟು ಭಾಗ ಮಾಡಿ, ಯಾವ ಭಾಗಕ್ಕೆ ಕಟ್ಟಬೇಕೆಂದು ಇನ್ನೊಬ್ಬನ ಕಿವಿಗೆ ಬೇರೆ ಬೇರೆ ಸ್ವರದಲ್ಲಿ ಹೇಳುವ ಏರ್ಪಾಡು. ಕೂದಲಿನಷ್ಟು ಸಪೂರ ತಂತಿಗೆ ಚರ್ಮದ ಬಣ್ಣ ಬಳಿದು, ಗೋಂದು ಹಚ್ಚಿ ಅಂಟಿಸಿದ್ದರು. ಲಾಸ್ ವೇಗಸ್‌ನ ಟೇಬಲ್ಲಿನಲ್ಲಿ ಅದು ಕೆಲಸವನ್ನೂ ಮಾಡಿತು. ನೂರು ಕಟ್ಟಿದರೆ ಸರಾಸರಿ 44 ಲಾಭ ಬರುವ ಲೆಕ್ಕ. ಆದರೆ ತಂತಿ ಪದೇ ಪದೇ ತುಂಡಾಗುತ್ತಿತ್ತು. ಒಮ್ಮೆ ಪಕ್ಕದಲ್ಲಿದ್ದ ಹೆಂಗಸು ಥಾರ್ಪ್ ಕಿವಿಯಿಂದ ಹೊರಗಿಣುಕಿದ ಯಂತ್ರ ನೋಡಿ ಬೆಚ್ಚಿಬಿದ್ದಳಂತೆ. ಅಲ್ಲಿಗೆ ದೊಡ್ಡ ಹಣ ಹಾಕುವ ಯೋಚನೆ ಬಿಟ್ಟರು.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಭೌತಶಾಸ್ತ್ರದ ವಿದ್ಯಾರ್ಥಿಗಳು ಕಂಪ್ಯೂಟರನ್ನೇ ಶೂ ಒಳಗೆ ಇಟ್ಟರು. 1985ರಲ್ಲಿ ನೆವಾಡಾ ರಾಜ್ಯ ಇಂಥ ಸಾಧನಗಳನ್ನೆಲ್ಲ ನಿಷೇಧಿಸಿತು. 2004ರಲ್ಲಿ ಲಂಡನ್ನಿನಲ್ಲಿ ಮೂವರು 13 ಲಕ್ಷ ಪೌಂಡ್ ಗೆದ್ದು, ಇಂಥದೇ ಸಾಧನ ಬಳಸಿದ ಅನುಮಾನದ ಮೇಲೆ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಕೇಸು ನಿಲ್ಲಲಿಲ್ಲ, ಹಣ ಅವರಿಗೇ ಉಳಿಯಿತು. 2012ರಲ್ಲಿ ಸ್ಮಾಲ್ ಮತ್ತು ಸೇ ಎಂಬ ಸಂಶೋಧಕರು ಚೆಂಡು ಬಿಟ್ಟ ಮೇಲಿನ ವೇಗ ಅಳೆದರೆ ಶೇ. 18 ಲಾಭ ಸಾಧ್ಯ ಎಂದು ತೋರಿಸಿದರು.

ಗಮನಿಸಿ, ಇದಕ್ಕೆಲ್ಲ ಚೆಂಡು ಓಡುತ್ತಿರುವಾಗಲೇ ಬಾಜಿ ಕಟ್ಟಬೇಕು. ‘ಇನ್ನು ಬಾಜಿ ಇಲ್ಲ’ ಎಂದು ಡೀಲರ್ ಎರಡು ಸೆಕೆಂಡು ಮೊದಲು ಹೇಳಿದರೆ ಇಡೀ ಭೌತಶಾಸ್ತ್ರ ಅಲ್ಲಿಗೇ ಮುಗಿಯಿತು. ಓರೆ ಚಕ್ರ ಹುಡುಕುವ ಎಂದರೆ, ಈಗ ಕ್ಯಾಸಿನೊಗಳೇ ಕಂಪ್ಯೂಟರ್ ಇಟ್ಟು ಆ ಓರೆಯನ್ನು ನಮಗಿಂತ ಮೊದಲು ಕಂಡುಹಿಡಿಯುತ್ತವೆ.

ಮೊಬೈಲಿನ ರೂಲೆಟ್‌ನಲ್ಲಂತೂ ಹೆಚ್ಚಿನ ಕಡೆ ಚಕ್ರವೇ ಇಲ್ಲ, ಚಕ್ರದ ಚಿತ್ರ ಅಷ್ಟೇ. ನಂಬರನ್ನು ಸಾಫ್ಟ್‌ವೇರ್ ಕೊಡುತ್ತದೆ. ಅಳೆಯುವುದಕ್ಕೆ ಏನು ಉಂಟು ಮಾರಾಯ್ರೇ? ಆದರೂ ಟೆಲಿಗ್ರಾಂನಲ್ಲಿ ಮುಂದೆ ಯಾವುದಕ್ಕೆ ಕಟ್ಟಬೇಕೆಂದು ಹೇಳುವ ‘ಸಿಗ್ನಲ್’ ಮಾರುವವರಿಗೆ ಬರವಿಲ್ಲ. ಕಲರ್ ಪ್ರಿಡಿಕ್ಷನ್ ಆ್ಯಪ್‌ಗಳದ್ದೂ ಇದೇ ದಾರಿ. ಸಿಗ್ನಲ್ ಮಾರುವವರ ಸಂಪಾದನೆ ಆಟದಿಂದಲ್ಲ. ಒಂದು ದಾರಿ ಸಿಸ್ಟಮ್ ಮಾರುವುದು. ಇನ್ನೊಂದು, ಅವರ ಲಿಂಕ್ ಒತ್ತಿ ಸೇರಿದವರು ಸೋತ ಹಣದಲ್ಲಿ ಕಮಿಷನ್. 1,024 ಜನರಲ್ಲಿ ಅರ್ಧಕ್ಕೆ ಕೆಂಪು, ಅರ್ಧಕ್ಕೆ ಕಪ್ಪು ಎಂದು ಮೆಸೇಜ್ ಕಳಿಸಿ. ಸರಿಯಾದ ಗುಂಪನ್ನು ಮಾತ್ರ ಇಟ್ಟುಕೊಂಡು ಮತ್ತೆ ಅರ್ಧ ಮಾಡಿ. ನಡುವೆ ಸೊನ್ನೆ ಬೀಳದಿದ್ದರೆ ಐದು ಸುತ್ತಿಗೆ 32 ಜನ ಉಳಿಯುತ್ತಾರೆ. ಐದಕ್ಕೆ ಐದೂ ಸರಿ ಹೇಳಿದವನನ್ನು ಅವರು ದೇವರೆಂದೇ ನಂಬುತ್ತಾರೆ, ಫೀಸೂ ಕೊಡುತ್ತಾರೆ.

ಕಾನೂನಿನ ಮಾತು ಎರಡೇ. ಗೋವಾ 1976ರ ತನ್ನ ಜೂಜು ಕಾಯ್ದೆಯನ್ನು 1990ರ ದಶಕದಲ್ಲಿ ತಿದ್ದಿ ಹಡಗುಗಳಿಗೆ ಅವಕಾಶ ಕೊಟ್ಟಿತು. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜು ಅಪರಾಧ. ಆನ್‌ಲೈನಿನಲ್ಲಿ ಹಣ ಕಟ್ಟುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ದೇಶದ ಎಲ್ಲ ಕಡೆ ನಿಷೇಧಿಸಿದೆ. ಸಿಗ್ನಲ್ ಎಂದು ಹಣ ಕಳಿಸಿ ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ ಮಂಗಳೂರಿನ ಅಥವಾ ಉಡುಪಿಯ ಸೆನ್ (ಸೈಬರ್ ಅಪರಾಧದ) ಠಾಣೆಗೆ ಹೋಗಬೇಕು. ಹಣ ಹೋದ ಖಾತೆಯನ್ನು ಬ್ಯಾಂಕು ತಡೆಹಿಡಿಯುವ ಸಾಧ್ಯತೆ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲೇ.