ಸೆಸ್ನಾ 172: ಫ್ಲ್ಯಾಪ್ ಮತ್ತು ಇಂಧನ ವ್ಯವಸ್ಥೆಯ ಟಿಪ್ಪಣಿ

ಸೆಸ್ನಾ 172 ಒಂದೇ ಎಂಜಿನ್‌ನ, ನಾಲ್ಕು ಸೀಟಿನ ಸಣ್ಣ ವಿಮಾನ. ಇಲ್ಲಿರುವ ಅಂಕಿಗಳೆಲ್ಲ ಅದರ 172ಎಸ್ ಮಾಡೆಲ್‌ನವು. ಹಳೆಯ ಮಾಡೆಲ್‌ಗಳಲ್ಲಿ ಬೇರೆ ಇರುತ್ತವೆ, ಹಾಗಾಗಿ ನೀವು ಹಾರಿಸುವ ವಿಮಾನದ ಕೈಪಿಡಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.

ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಇಳಿಸುವ ಹಲಗೆ. ಅದಕ್ಕೆ 10, 20, 30 ಡಿಗ್ರಿ ಎಂದು ಮೂರು ಹಂತ. ಮೊದಲ ಹಂತಕ್ಕೆ ವೇಗ 110 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಒಳಗಿರಬೇಕು, ಅದಕ್ಕಿಂತ ಜಾಸ್ತಿ ಇಳಿಸುವುದಾದರೆ 85. ಏರ್‌ಸ್ಪೀಡ್ ಇಂಡಿಕೇಟರಿನ ಬಿಳಿ ಪಟ್ಟಿ 85ಕ್ಕೆ ನಿಲ್ಲುವುದು ಇದಕ್ಕೇ. ಫ್ಲ್ಯಾಪ್ ಇಲ್ಲದಿದ್ದರೆ 48 ನಾಟ್‌ಗೆ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವಿಮಾನ, ಪೂರ್ತಿ ಇಳಿಸಿದಾಗ 40ರವರೆಗೆ ತಡೆಯುತ್ತದೆ. ಮೊದಲ 10 ಡಿಗ್ರಿ ಮುಖ್ಯವಾಗಿ ಲಿಫ್ಟ್ (ಎತ್ತುವ ಬಲ) ಕೊಡುತ್ತದೆ, ಕೊನೆಯ 10 ಡಿಗ್ರಿ ಮುಖ್ಯವಾಗಿ ಡ್ರ್ಯಾಗ್ (ಗಾಳಿಯ ತಡೆ). ಟೇಕಾಫ್‌ನಲ್ಲಿ 10 ಡಿಗ್ರಿ ಮೀರಬಾರದು ಅನ್ನುವುದರ ಹಿಂದಿನ ಲೆಕ್ಕ ಇದೇ. 20ಕ್ಕಿಂತ ಹೆಚ್ಚು ಫ್ಲ್ಯಾಪ್ ಇದ್ದಾಗ ಕಡಿದಾದ ಸ್ಲಿಪ್ (ವಿಮಾನವನ್ನು ಓರೆಯಾಗಿ ಜಾರಿಸುತ್ತಾ ಇಳಿಸುವುದು) ಬೇಡ ಎಂದೂ ಕೈಪಿಡಿ ಹೇಳುತ್ತದೆ, ಬಾಲದಲ್ಲಿರುವ ಎಲಿವೇಟರ್ ಸ್ವಲ್ಪ ಅಲುಗಾಡಬಹುದು.

ಫ್ಲ್ಯಾಪ್ ಇಳಿಸುವುದನ್ನು ಎಲ್ಲರೂ ಬೇಗ ಕಲಿಯುತ್ತೇವೆ. ನನ್ನ ಪ್ರಕಾರ ನಿಜವಾದ ಪಾಠ ಇರುವುದು ಎತ್ತುವುದರಲ್ಲಿ, ಅದರಲ್ಲೂ ಗೋ-ಅರೌಂಡ್‌ನಲ್ಲಿ, ಅಂದರೆ ಲ್ಯಾಂಡಿಂಗ್ ಕೈಬಿಟ್ಟು ಮತ್ತೆ ಏರುವಾಗ. 30 ಡಿಗ್ರಿ ಫ್ಲ್ಯಾಪ್, ನಿಧಾನ ವೇಗಕ್ಕೆ ಹೊಂದಿಸಿದ ಟ್ರಿಮ್ (ಕೈಯಿಂದ ಒತ್ತಿ ಹಿಡಿಯುವ ಶ್ರಮ ತಪ್ಪಿಸುವ ಹೊಂದಾಣಿಕೆ), ಅದರ ಮೇಲೆ ಪೂರ್ತಿ ಥ್ರಾಟಲ್. ಮೂಗು ಥಟ್ಟನೆ ಮೇಲೇಳುತ್ತದೆ. ಯೋಕ್ (ಪೈಲಟ್ ಕೈಯಲ್ಲಿರುವ ಚುಕ್ಕಾಣಿ) ಅನ್ನು ಮುಂದಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕೂಡಲೇ ಫ್ಲ್ಯಾಪ್ 20ಕ್ಕೆ. 60 ನಾಟ್ ಹಿಡಿದು ಏರುತ್ತಾ 10ಕ್ಕೆ. ಎದುರಿನ ಮರ, ಕಂಬ ಎಲ್ಲ ದಾಟಿ, ಎತ್ತರವೂ 65 ನಾಟ್ ವೇಗವೂ ಸಿಕ್ಕಿದ ಮೇಲೆ ಸೊನ್ನೆಗೆ. ಗಾಬರಿಯಲ್ಲಿ ಲಿವರ್ ಅನ್ನು ಒಂದೇ ಸಲ ಮೇಲಕ್ಕೆ ತಳ್ಳಿದರೆ ಲಿಫ್ಟ್ ಹೋಗುತ್ತದೆ, ವಿಮಾನ ನೆಲದ ಕಡೆ ಕುಸಿಯುತ್ತದೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ (ತೆಳುವಾದ ಗಾಳಿಯಲ್ಲಿ ವಿಮಾನಕ್ಕೆ ಅನ್ನಿಸುವ ಎತ್ತರ) 6,000 ಅಡಿಯ ಹತ್ತಿರ ಹೋಗುತ್ತದೆ. ಎಂಜಿನ್‌ನ 180 ಅಶ್ವಶಕ್ತಿ ಅಲ್ಲಿ ಕಾಗದದ ಮೇಲೆ ಮಾತ್ರ. 30 ಡಿಗ್ರಿ ಫ್ಲ್ಯಾಪ್ ಹೊತ್ತುಕೊಂಡು ಏರುವುದು ಎಷ್ಟು ಕಷ್ಟ ಅಂತ ಊಹಿಸಿ.

ಈಗ ಇಂಧನ. ಎರಡು ರೆಕ್ಕೆಯ ಟ್ಯಾಂಕ್ ಸೇರಿ 56 ಅಮೆರಿಕನ್ ಗ್ಯಾಲನ್, ಬಳಸಲು ಸಿಗುವುದು 53, ಅಂದರೆ ಸುಮಾರು 200 ಲೀಟರ್. ರೆಕ್ಕೆ ಮೇಲಿರುವುದರಿಂದ ಇಂಧನ ತನ್ನ ಭಾರಕ್ಕೇ ಸೆಲೆಕ್ಟರ್ ವಾಲ್ವ್‌ಗೆ (ಯಾವ ಟ್ಯಾಂಕಿನಿಂದ ಬರಬೇಕೆಂದು ಆರಿಸುವ ವಾಲ್ವ್) ಇಳಿಯುತ್ತದೆ. ಅಲ್ಲಿಂದ ಪುಟ್ಟ ರಿಸರ್ವಾಯರ್, ಎಲೆಕ್ಟ್ರಿಕ್ ಪಂಪ್, ಶಟಾಫ್ ವಾಲ್ವ್, ಸ್ಟ್ರೈನರ್, ಆಮೇಲೆ ಎಂಜಿನ್‌ನದೇ ಪಂಪ್.

ಸೆಲೆಕ್ಟರ್‌ನಲ್ಲಿ ಲೆಫ್ಟ್, ಬೋತ್, ರೈಟ್ ಇವೆ. ಟೇಕಾಫ್, ಲ್ಯಾಂಡಿಂಗ್ ಎರಡಕ್ಕೂ ಬೋತ್. ಹಾಗಾದರೆ ಇಂಥದೇ ಇನ್ನೊಂದು ಸಣ್ಣ ವಿಮಾನವಾದ ಪೈಪರ್ ಪಿಎ-28ರಲ್ಲಿ ಬೋತ್ ಯಾಕಿಲ್ಲ? ಅದರ ರೆಕ್ಕೆ ಕೆಳಗಿದೆ, ಪಂಪ್ ಇಂಧನವನ್ನು ಮೇಲಕ್ಕೆ ಎಳೆಯಬೇಕು. ಎರಡು ಎಳನೀರಿಗೆ ಎರಡು ಸ್ಟ್ರಾ ಹಾಕಿ ಒಟ್ಟಿಗೆ ಹೀರಿ ನೋಡಿ. ಒಂದು ಖಾಲಿಯಾದರೆ ಬಾಯಿಗೆ ಗಾಳಿಯೇ ಜಾಸ್ತಿ, ಇನ್ನೊಂದರಲ್ಲಿ ನೀರಿದ್ದರೂ ಸಿಗುವುದಿಲ್ಲ. ಅದಕ್ಕೇ ಅಲ್ಲಿ ಟ್ಯಾಂಕ್‌ಗಳನ್ನು ಪೈಲಟ್ ಆಗಾಗ ಕೈಯಿಂದ ಬದಲಿಸುತ್ತಿರಬೇಕು.

172ರಲ್ಲಿ ಈ ತಲೆನೋವಿಲ್ಲ, ಆದರೆ ಒಂದು ಸಣ್ಣ ಬಲೆ ಇದೆ. ಬೋತ್‌ನಲ್ಲೇ ನಿಲ್ಲಿಸಿದರೆ ಒಂದು ಟ್ಯಾಂಕಿನ ಇಂಧನ ಇನ್ನೊಂದಕ್ಕೆ ಹರಿಯಬಹುದು. ಹಾಗಾಗಿ ಇಂಧನ ತುಂಬಿಸುವಾಗ, ಇಳಿಜಾರಿನಲ್ಲಿ ನಿಲ್ಲಿಸುವಾಗ ಲೆಫ್ಟ್ ಅಥವಾ ರೈಟ್‌ಗೆ ತಿರುಗಿಸುತ್ತಾರೆ. ಮುಂದಿನ ಪೈಲಟ್ ಅದನ್ನು ಬೋತ್‌ಗೆ ತರಲು ಮರೆಯಬಾರದು, ಅಲ್ವಾ? ಚೆಕ್‌ಲಿಸ್ಟ್ ಓದುವಾಗ ಬಾಯಲ್ಲಿ ಸುಮ್ನೆ "ಬೋತ್" ಅಂದರೆ ಸಾಲದು. ಹಿಡಿಕೆಯನ್ನು ಮುಟ್ಟಿ ನೋಡಿ.

ಹಾರುವ ಮುಂಚೆ, ಇಂಧನದಲ್ಲಿ ನೀರು ಸೇರಿದೆಯಾ ಎಂದು ನೋಡಲು ಸ್ಯಾಂಪಲ್ ತೆಗೆಯುವ ಜಾಗಗಳು 13: ಪ್ರತಿ ರೆಕ್ಕೆಯಲ್ಲಿ ಐದು, ಹೊಟ್ಟೆಯ ಕೆಳಗೆ ಮೂರು. ಬೇಸರ ತರಿಸುವ ಕೆಲಸ, ಒಪ್ಪುತ್ತೇನೆ. ಈ ವಿಮಾನಕ್ಕೆ ಹಾಕುವ 100ಎಲ್‌ಎಲ್ ಪೆಟ್ರೋಲ್ ತಿಳಿ ನೀಲಿ. ನೀರು ಭಾರ, ಸ್ಯಾಂಪಲ್ ಕಪ್‌ನ ತಳದಲ್ಲಿ ಗುಳ್ಳೆಯಂತೆ ಕೂರುತ್ತದೆ. ಆದರೆ ಕಪ್ ತುಂಬಾ ಬರೀ ನೀರೇ ಇದ್ದರೆ ಗೆರೆಯೂ ಕಾಣದು, ಗುಳ್ಳೆಯೂ ಕಾಣದು. ಅದಕ್ಕೇ ಬಿಳಿ ಹಿನ್ನೆಲೆಯಲ್ಲಿ ಹಿಡಿದು ನೀಲಿ ಬಣ್ಣ ಇದೆಯಾ ಎಂದು ನೋಡಬೇಕು, ಮೂಸಲೂ ಬೇಕು. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್‌ನೊಂದಿಗೆ ರಾತ್ರಿಯಿಡೀ ಹೊರಗೆ ನಿಂತ ವಿಮಾನವಾದರೆ ಇನ್ನೂ ಹುಷಾರು.

ಗೇಜ್ ಎಷ್ಟೇ ತೋರಿಸಲಿ, ಡಿಪ್‌ಸ್ಟಿಕ್ ಹಾಕಿ ಅಳೆಯಿರಿ. 75 ಶೇಕಡಾ ಪವರ್‌ನಲ್ಲಿ ಗಂಟೆಗೆ ಸುಮಾರು 10 ಗ್ಯಾಲನ್ ಖರ್ಚು ಎಂದು ಹಿಡಿದು, ಅಳೆದ ಇಂಧನವನ್ನು ಗಂಟೆಗೆ ಬದಲಿಸಿ, ಮೊಣಕಾಲಿನ ಪ್ಯಾಡ್ ಮೇಲೆ ಟೇಕಾಫ್ ಸಮಯದ ಪಕ್ಕ ಬರೆದಿಡಿ.