ರಿಸೆಷನ್ ನಂತರ ರೆಕಗ್ನಿಷನ್ ವ್ಯಾಪಾರ: ಪೆಟ್ಟು ತಡವಾಗಿ ಬೀಳುವುದೇಕೆ?

ಎಚ್‌ಆರ್ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ರೆಕಗ್ನಿಷನ್ ವ್ಯಾಪಾರ ಅಂದರೆ, ಕಂಪನಿಗಳು ತಮ್ಮ ನೌಕರರನ್ನು ಮೆಚ್ಚಿ ಕೊಡುವ ಬಹುಮಾನಗಳನ್ನು ಒದಗಿಸುವ ವ್ಯಾಪಾರ. ಉದಾಹರಣೆಗೆ ಅಮೆರಿಕದ ರಿಸೆಷನ್ (ಆರ್ಥಿಕ ಹಿಂಜರಿತ) ತೆಗೆದುಕೊಂಡಿದ್ದೇನೆ, 2007ರ ಡಿಸೆಂಬರ್‌ನಿಂದ 2009ರ ಜೂನ್‌ವರೆಗಿನದು. ಲೆಕ್ಕದ ಪ್ರಕಾರ ಅದು ಜೂನ್‌ನಲ್ಲಿ ಮುಗಿಯಿತು, ಆದರೆ ನಿರುದ್ಯೋಗ ಶೇ 10 ಮುಟ್ಟಿದ್ದು ಅಕ್ಟೋಬರ್‌ನಲ್ಲಿ.

ಮೊದಲು ಏಟು ತಿಂದದ್ದು ಬಹುಮಾನದ ಪ್ರವಾಸಗಳು. 2008ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಎಐಜಿ ಎಂಬ ವಿಮಾ ಕಂಪನಿಯನ್ನು ದಿವಾಳಿಯಿಂದ ಉಳಿಸಿದ ಕೆಲವೇ ದಿನಗಳಲ್ಲಿ ಅದು ಕ್ಯಾಲಿಫೋರ್ನಿಯಾದ ರೆಸಾರ್ಟ್ ಒಂದರಲ್ಲಿ ಇಂಥ ಪ್ರವಾಸಕ್ಕೆ 4 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. 2009ರ ಫೆಬ್ರವರಿಯಲ್ಲಿ ವೆಲ್ಸ್ ಫಾರ್ಗೋ ಬ್ಯಾಂಕ್ ತನ್ನ ನೌಕರರ ಲಾಸ್ ವೇಗಾಸ್ ಸಮಾರಂಭವನ್ನು ರದ್ದು ಮಾಡಿತು. ಆಮೇಲೆ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಕೊಟ್ಟು ತನ್ನನ್ನು ಸಮರ್ಥಿಸಿಕೊಂಡಿತು. ಇದು ಸುಲಭವಾಗಿ ಅರ್ಥವಾಗುತ್ತದೆ.

ಕಷ್ಟ ಇರುವುದು ಸರ್ವೀಸ್ ಅವಾರ್ಡ್‌ನಲ್ಲಿ. 5, 10, 15 ವರ್ಷ ಮುಗಿಸಿದವರಿಗೆ ಕೊಡುವ, ಬಟ್ಟೆಗೆ ಸಿಕ್ಕಿಸುವ ಪಿನ್, ಗಡಿಯಾರ, ಉಂಗುರ. 1927ರಲ್ಲಿ ಶುರುವಾದ ಸಾಲ್ಟ್ ಲೇಕ್ ಸಿಟಿಯ ಓ.ಸಿ. ಟ್ಯಾನರ್ ಕಂಪನಿ ಹೆಸರು ಮಾಡಿದ್ದು ಇದರಲ್ಲೇ. ಲೇಆಫ್ ಆಯಿತು ಅಂದರೆ ಜನ ಕಡಿಮೆ, ಜನ ಕಡಿಮೆ ಅಂದರೆ ಅವಾರ್ಡ್ ಕಡಿಮೆ, ಅಲ್ವಾ? ಅಲ್ಲ! ಇಲ್ಲಿ ನಿಧಾನಕ್ಕೆ ಬನ್ನಿ, ನನಗೂ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ.

ಒಂದು ಆಫೀಸಿನಲ್ಲಿ ಒಂಬತ್ತು ಜನ ಅಂದುಕೊಳ್ಳಿ. ಅವರ ಸರ್ವೀಸ್ 1, 1, 2, 3, 4, 6, 8, 12, 20 ವರ್ಷ. ನಡುವಿನವರದು 4, ಅದೇ ಮೀಡಿಯನ್. ಹೊಸಬರಿಬ್ಬರನ್ನು ತೆಗೆದರು. ಉಳಿದದ್ದು 2, 3, 4, 6, 8, 12, 20. ಈಗ ನಡುವಿನವರದು 6. ಯಾರ ಸರ್ವೀಸೂ ಒಂದು ದಿನ ಹೆಚ್ಚಿಲ್ಲ, ಆದರೂ ಮೀಡಿಯನ್ 4ರಿಂದ 6ಕ್ಕೆ ಹೋಯಿತು. ಐದು ವರ್ಷ ದಾಟಿದವರು ಮೊದಲೂ ನಾಲ್ವರು, ಈಗಲೂ ನಾಲ್ವರೇ. ಜೊತೆಗೆ ಹೊರಗೆ ಕೆಲಸ ಸಿಗದ ಕಾಲದಲ್ಲಿ ಯಾರೂ ಸುಮ್ನೆ ರಾಜೀನಾಮೆ ಕೊಡುವುದಿಲ್ಲ, ಆದ್ದರಿಂದ 4 ವರ್ಷದವರು ಮುಂದಿನ ವರ್ಷ ಪಿನ್ ಪಡೆದೇ ಪಡೆಯುತ್ತಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶವೂ ಇದನ್ನೇ ಹೇಳುತ್ತದೆ. ಒಂದೇ ಕಡೆ ಕೆಲಸ ಮಾಡಿದ ಅವಧಿಯ ಮೀಡಿಯನ್ 2008ರ ಜನವರಿಯಲ್ಲಿ 4.1 ವರ್ಷ, 2010ರಲ್ಲಿ 4.4, 2012ರಲ್ಲಿ 4.6.

ಹಾಗಾದರೆ ಪೆಟ್ಟು ಎಲ್ಲಿ ಹೋಯಿತು? ಐದು ವರ್ಷ ಮುಂದಕ್ಕೆ. ತೆಗೆದ ಆ ಇಬ್ಬರು, 2009ರಲ್ಲಿ ಸೇರಬೇಕಿದ್ದು ಸೇರದವರು, ಇವರೆಲ್ಲ 2013–14ರ ಸುಮಾರಿಗೆ ಮೊದಲ ಪಿನ್ ಪಡೆಯಬೇಕಿತ್ತು. ಊರೆಲ್ಲ ಚೇತರಿಸಿಕೊಳ್ಳುವಾಗ ಪಿನ್ ಮಾರುವವರ ಆರ್ಡರ್ ಪಟ್ಟಿಯಲ್ಲಿ ತೂತು. ಆಗ ಕೆಲಸಗಳು ಮತ್ತೆ ಸಿಗುತ್ತವೆ, ಜನ ಕಂಪನಿ ಬದಲಿಸುತ್ತಾರೆ, ತೂತು ಇನ್ನೂ ದೊಡ್ಡದಾಗುತ್ತದೆ. 2016ರ ಹೊತ್ತಿಗೆ ಮೀಡಿಯನ್ 4.2ಕ್ಕೆ ಇಳಿದಿತ್ತು. ಐದು ವರ್ಷದ ಗಡಿಯನ್ನು ಸಡಿಲಿಸಿ ಮೊದಲೇ ಕೊಡೋಣ ಅಂದರೆ ಅಮೆರಿಕದ ತೆರಿಗೆ ಕಾನೂನು ಅಡ್ಡ. ಮೊದಲ ಐದು ವರ್ಷದೊಳಗೆ ಕೊಟ್ಟ ಸರ್ವೀಸ್ ಅವಾರ್ಡ್‌ಗೆ ತೆರಿಗೆ ವಿನಾಯಿತಿ ಇಲ್ಲ.

ನನ್ನ ಶಾರ್ಟ್‌ಕಟ್ ಇಷ್ಟೇ: ಸರ್ವೀಸ್ ಅವಾರ್ಡ್ ಕಂಪನಿಯ ಈ ವರ್ಷದ ಮಾರಾಟ ಅಂದಾಜಿಸಲು ಈ ವರ್ಷದ ಹೆಡ್‌ಕೌಂಟ್ ನೋಡಬೇಡಿ. ಗ್ರಾಹಕರು ಐದು ವರ್ಷ, ಹತ್ತು ವರ್ಷದ ಹಿಂದೆ ಎಷ್ಟು ಜನರನ್ನು ಸೇರಿಸಿಕೊಂಡಿದ್ದರು, ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ನೋಡಿ.

ಚಿನ್ನದ್ದೂ ಒಂದು ಮಾತು. 2008ರ ಕೊನೆಯಲ್ಲಿ ಔನ್ಸ್‌ಗೆ 800 ಡಾಲರ್ ಆಸುಪಾಸಿನಲ್ಲಿದ್ದದ್ದು 2011ರ ಸೆಪ್ಟೆಂಬರ್‌ಗೆ ಸುಮಾರು 1,900 ಆಯಿತು. ಅದೇ ಬಜೆಟ್‌ನಲ್ಲಿ ಅದೇ ಉಂಗುರ ಕೊಡುವುದು ಸಾಧ್ಯವೇ ಇರಲಿಲ್ಲ.

ಗ್ಲೋಬೋಫೋರ್ಸ್ (ಈಗ ವರ್ಕ್‌ಹ್ಯೂಮನ್), ಅಚೀವರ್ಸ್ ತರಹದ ಆನ್‌ಲೈನ್ ರೆಕಗ್ನಿಷನ್ ಕಂಪನಿಗಳಿಗೆ ಈ ಐದು ವರ್ಷದ ಕಾಯುವಿಕೆ ಇಲ್ಲ. ಸಹೋದ್ಯೋಗಿ ಇವತ್ತು ಮೆಚ್ಚಿ ಪಾಯಿಂಟ್ (ಆಮೇಲೆ ಉಡುಗೊರೆಗೆ ಬದಲಿಸಿಕೊಳ್ಳುವ ಅಂಕ) ಕೊಟ್ಟರೆ ಇವತ್ತೇ ಲೆಕ್ಕಕ್ಕೆ ಬಂತು, ನಿನ್ನೆ ಸೇರಿದವರಿಗೂ ಸಿಗುತ್ತದೆ. ಆದ್ದರಿಂದ ನೇಮಕಾತಿ ಮತ್ತೆ ಶುರುವಾದ ಕೂಡಲೇ ಇಂಥ ವ್ಯಾಪಾರ ಏಳಬಲ್ಲದು. ಒಂದು ಮಾತ್ರ ಗಮನಿಸಿ. ಪಾಯಿಂಟ್ ಕೊಟ್ಟಾಗಲೇ ಬಿಲ್ ಮಾಡುವ ಒಪ್ಪಂದವಾದರೆ ಹಣ ಮೊದಲೇ ಬರುತ್ತದೆ, ಆದರೆ ನೌಕರ ಅದನ್ನು ಬಳಸುವವರೆಗೆ ಅದು ಲಾಭವಲ್ಲ, ತೀರಿಸಬೇಕಾದ ಬಾಕಿ.